ಹಾಸನ, ಚಿಕ್ಕಮಗಳೂರಿನ 12 ಶಾಸಕರಿಗೆ: ಸೊಂಟಕ್ಕೆ ಚೀಲ ಕಟ್ಟುವವರಿಗೂ ಸಣ್ಣ ಗಾಯದ ಆಪರೇಷನ್ ಸಿಗಲಿ

ಮಾನ್ಯ ಶಾಸಕರೇ,

ಹಾಸನದ 7 ಜನಕ್ಕೂ ಚಿಕ್ಕಮಗಳೂರಿನ 5 ಜನಕ್ಕೂ ನಮಸ್ಕಾರ.

ನಾನು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ. ನಮ್ಮ ಕ್ಷೇತ್ರದವರಿಗೆ ಮಾತ್ರ ಬರೆಯದೆ ಹನ್ನೆರಡು ಜನಕ್ಕೂ ಬರೆಯುತ್ತಿರುವುದಕ್ಕೆ ಕಾರಣ ಇದೆ. ತಾಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದ್ದು, ಮೆಡಿಕಲ್ ಕಾಲೇಜು ವೈದ್ಯಕೀಯ ಶಿಕ್ಷಣ ಇಲಾಖೆಯದ್ದು. ಒಬ್ಬರೇ ಹೋಗಿ ಕೇಳಿದರೆ ಆ ಬಾಗಿಲು ಈ ಬಾಗಿಲು ಅಂತ ಓಡಾಡಿಸುತ್ತಾರೆ. ಹನ್ನೆರಡು ಜನ ಒಟ್ಟಿಗೆ ಹೋದರೆ ಕುರ್ಚಿ ಹಾಕಿ ಕೂರಿಸುತ್ತಾರೆ, ಅಲ್ವಾ?

ಎರಡು ವರ್ಷದ ಹಿಂದೆ ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಬಾಟ್ ಆಪರೇಷನ್ ಆಯಿತು. ರೋಬಾಟ್ ಅಂದ ಕೂಡಲೇ ಮನೆಯಲ್ಲೆಲ್ಲ ಗಾಬರಿ. "ಮಿಷನ್ನೇ ಕೊಯ್ಯುತ್ತಾ? ಮಧ್ಯದಲ್ಲಿ ಕರೆಂಟ್ ಹೋದ್ರೆ?" ಅಂತ ತಮ್ಮ ಕೇಳಿದ. ಮಲೆನಾಡಿನವರಿಗೆ ಮೊದಲು ನೆನಪಾಗುವುದೇ ಅದು. ಡಾಕ್ಟರು ನಕ್ಕರು. ಬ್ಯಾಟರಿ ಇರುತ್ತೆ ಅಂದರು. ಆಮೇಲೆ ಒಂದು ಕಾಗದದ ಹಿಂದೆ ಚಿತ್ರ ಬರೆದು ತೋರಿಸಿದರು.

ರೋಬಾಟ್ ತಾನಾಗಿ ಏನೂ ಮಾಡುವುದಿಲ್ಲ. ಡಾಕ್ಟರು ಅದೇ ಕೋಣೆಯಲ್ಲಿ, ರೋಗಿಯಿಂದ ಸ್ವಲ್ಪ ದೂರದಲ್ಲಿ ಕೂತು ಒಂದು ಪೆಟ್ಟಿಗೆಯೊಳಗೆ ಕಣ್ಣಿಟ್ಟು ನೋಡುತ್ತಾರೆ. ಹೊಟ್ಟೆಯೊಳಗಿನದ್ದು ಹತ್ತು ಪಟ್ಟು ದೊಡ್ಡದಾಗಿ, ಆಳ ಸಮೇತ ಕಾಣುತ್ತದೆ. ಇವರ ಬೆರಳು ಆಡಿದ ಹಾಗೆ ಹೊಟ್ಟೆಯೊಳಗಿನ ಸಣ್ಣ ಕತ್ತರಿ, ಚಿಮಟ ಆಡುತ್ತವೆ. ಕೈ ನಡುಗಿದರೆ ಆ ನಡುಕ ಒಳಗೆ ಹೋಗುವುದಿಲ್ಲ. ಮಾಮೂಲಿ ಲ್ಯಾಪ್ರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್, ಅದರ ಉಪಕರಣ ನೆಟ್ಟಗಿನ ಕಡ್ಡಿ ಇದ್ದ ಹಾಗೆ. ರೋಬಾಟಿನ ಉಪಕರಣಕ್ಕೆ ತುದಿಯಲ್ಲಿ ಮಣಿಕಟ್ಟಿದೆ, ಬೇಕಾದ ಕಡೆ ತಿರುಗುತ್ತದೆ. ಪ್ರಾಸ್ಟೇಟ್ ಇರುವುದು ಮೂತ್ರಚೀಲದ ಕೆಳಗೆ, ಸೊಂಟದ ಮೂಳೆಗಳ ಸಂದಿಯಲ್ಲಿ. ಅಂಥ ಇಕ್ಕಟ್ಟಿನಲ್ಲಿ ಹೊಲಿಗೆ ಹಾಕಲು ಈ ಮಣಿಕಟ್ಟು ಬೇಕಾಗುತ್ತದೆ. ಡಾಕ್ಟರು ಪೆಟ್ಟಿಗೆಯಿಂದ ತಲೆ ಆಚೆ ತೆಗೆದರೂ ಸಾಕು, ತೋಳುಗಳು ಇದ್ದಲ್ಲೇ ನಿಂತುಬಿಡುತ್ತವಂತೆ. ನನ್ನ ಹೆದರಿಕೆ ಅರ್ಧ ಹೋಗಿದ್ದು ಆ ಮಾತಿಗೆ.

ಈಗ ನನ್ನ ಹೊಟ್ಟೆ ಮೇಲೆ ಆರು ಗುರುತು ಇವೆ. ಹೊಕ್ಕಳ ಹತ್ತಿರದ್ದು ಒಂದು ಸ್ವಲ್ಪ ಉದ್ದ, ಪ್ರಾಸ್ಟೇಟ್ ಆಚೆ ತೆಗೆದದ್ದು ಅಲ್ಲಿಂದ. ಉಳಿದವು ಸೆಂಟಿಮೀಟರ್ ಆಸುಪಾಸು, ಜಿಗಣೆ ಕಚ್ಚಿ ಬಿಟ್ಟ ಕಲೆಗಿಂತ ಸ್ವಲ್ಪ ದೊಡ್ಡವು. ಆಪರೇಷನ್ ಆದ ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ನಡೆದಾಡಿದೆ. ರಕ್ತ ಹಾಕಿಸುವ ಪ್ರಸಂಗ ಬರಲಿಲ್ಲ. ಸುಖವಾಗಿತ್ತು ಅಂತ ಮಾತ್ರ ಹೇಳಲಾರೆ. ಮೂತ್ರದ ಪೈಪು ಹತ್ತು ದಿನ ಇತ್ತು. ಅದು ತೆಗೆದ ಮೇಲೆ ಮೂರು ತಿಂಗಳು ಕೆಮ್ಮಿದರೆ, ಸೀನಿದರೆ ಬಟ್ಟೆ ಒದ್ದೆ. ಪ್ಯಾಡ್ ಕಟ್ಟಿಕೊಂಡೇ ತೋಟ ಸುತ್ತಿದೆ. ಇದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ.

ಈಗ ಅಕ್ಕನ ವಿಷಯ. ನಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲಿದ್ದಾರೆ. ಹೆಸರು ಬೇಡ, ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ನನಗಿಂತ ಒಂದು ವರ್ಷ ಮೊದಲು ಗರ್ಭಕೋಶದಲ್ಲಿ ಗೆಡ್ಡೆ ಅಂತ ಅವರಿಗೆ ಆಪರೇಷನ್ ಆಯಿತು. ಆ ಆಸ್ಪತ್ರೆಯಲ್ಲಿ ಲ್ಯಾಪ್ರೊಸ್ಕೋಪಿ ಮಿಷನ್ ಇತ್ತು. ಮಾಡುತ್ತಿದ್ದ ಡಾಕ್ಟರಿಗೆ ಮಾತ್ರ ವರ್ಗ ಆಗಿತ್ತು. ಹೊಟ್ಟೆ ಕೊಯ್ದೇ ಮಾಡಿದರು. ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ, ಅಕ್ಕನ ಜೀವ ಉಳಿಸಿದ್ದಾರೆ. ಆದರೆ ಹೊಕ್ಕಳ ಕೆಳಗಿಂದ ಒಂದು ಗೇಣು ಗಾಯ.

ನಿಮ್ಮಲ್ಲಿ ಹಲವರಿಗೆ ತೋಟ ಗೊತ್ತು. ಆದರೂ ಹೇಳುತ್ತೇನೆ. ಕಾಫಿ ಕುಯ್ಯುವವರು ಚೀಲ ಕಟ್ಟುವುದು ಸೊಂಟಕ್ಕೆ. ಹಣ್ಣು ತುಂಬಿದ ಹಾಗೆ ಅದು ಮುಂದಕ್ಕೆ ಜಗ್ಗುತ್ತದೆ. ಜಗ್ಗುವ ಜಾಗ ಯಾವುದು? ಅಕ್ಕನ ಹೊಲಿಗೆ ಇದ್ದ ಜಾಗವೇ. ಆಮೇಲೆ ಇಳಿಜಾರಿನಲ್ಲಿ ಕಾಲು ಊರಿ, ಎತ್ತರದ ರೆಕ್ಕೆ, ಅಂದರೆ ಗಿಡದ ಕೊಂಬೆ, ಬಗ್ಗಿಸಬೇಕು. ಸಂಜೆ ತೂಕಕ್ಕೆ ಮೂಟೆ ಹೊರಬೇಕು. ಮೂರು ತಿಂಗಳು ಭಾರ ಎತ್ತಬೇಡಿ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅರೇಬಿಕಾ ಕಾಫಿಯ ಕುಯ್ಲು ಇರುವುದೇ ಎರಡು ಮೂರು ತಿಂಗಳು. ವರ್ಷದ ಕೂಲಿಯಲ್ಲಿ ಕೈಗೆ ನಾಲ್ಕು ಕಾಸು ಜಾಸ್ತಿ ಸಿಗುವುದೂ ಆಗಲೇ. ಅಕ್ಕ ಆರನೇ ವಾರಕ್ಕೇ ಚೀಲ ಕಟ್ಟಿದರು. ಬೇಡ ಅಂದೆ. ಬೇಡ ಅಂದವನು ಕೂಲಿ ಕೊಡಬೇಕಿತ್ತು. ಸ್ವಲ್ಪ ಕೊಟ್ಟೆ, ಪೂರ್ತಿ ಕೊಡಲಿಲ್ಲ. ಅದು ನನ್ನ ತಪ್ಪು.

ಮುಂದಿನ ಮಳೆಗಾಲಕ್ಕೆ ಗಾಯದ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬು ಬಂತು. ಹರ್ನಿಯ. ಕೊಯ್ದ ಜಾಗದ ಗೋಡೆ ಸಡಿಲವಾಗಿ ಕರುಳು ಮುಂದೆ ಬರುವುದು. ದೊಡ್ಡ ಗಾಯದ ಆಪರೇಷನ್ನಿನಲ್ಲಿ ಇದರ ಭಯ ಜಾಸ್ತಿ, ಸಣ್ಣ ತೂತುಗಳಲ್ಲಿ ಕಡಿಮೆ. ಸಣ್ಣ ಗಾಯ ಅಂದರೆ ಚಂದದ ವಿಷಯ ಅಂತ ಅಂದುಕೊಳ್ಳುತ್ತೇವಲ್ಲ, ಚಂದ ಯಾರಿಗೆ ಬೇಕು ಸ್ವಾಮಿ? ನೋವು ಕಡಿಮೆ, ಕೀವು ಕಡಿಮೆ, ಬೇಗ ಮನೆಗೆ, ಬೇಗ ಕೆಲಸಕ್ಕೆ. ಕೂತು ಲೆಕ್ಕ ಬರೆಯುವ ನನಗೆ ಈ ಲಾಭ ಸಿಕ್ಕಿತು. ಮೈ ಬಗ್ಗಿಸಿ ದುಡಿಯುವ ಅಕ್ಕನಿಗೆ ಸಿಗಲಿಲ್ಲ. ನಾನು ಪತ್ರ ಬರೆಯಲು ಕೂತಿದ್ದು ಇದೊಂದಕ್ಕೆ.

ಅಕ್ಕನಿಗೆ ರೋಬಾಟ್ ಬೇಕಿರಲಿಲ್ಲ, ಲ್ಯಾಪ್ರೊಸ್ಕೋಪಿ ಸಾಕಿತ್ತು. ಪಿತ್ತಕೋಶದ ಕಲ್ಲಿಗೆ, ಅಪೆಂಡಿಕ್ಸಿಗೆ, ಗರ್ಭಕೋಶದ ಎಷ್ಟೋ ತೊಂದರೆಗಳಿಗೆ ಅದೇ ಸಾಕು. ಹಾಗಾಗಿ ಮೊದಲು ಎರಡೂ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇರುವ ಲ್ಯಾಪ್ರೊಸ್ಕೋಪಿ ವಾರವಿಡೀ ನಡೆಯಲಿ. ಯಾವ ಆಸ್ಪತ್ರೆಯಲ್ಲಿ ಯಾವ ದಿನ ಯಾವ ಆಪರೇಷನ್ ತೂತಿನಲ್ಲಿ ಮಾಡುತ್ತಾರೆ ಅಂತ ಒಂದು ಬೋರ್ಡ್ ಹಾಕಲಿ. ಇವತ್ತು ಅದನ್ನು ತಿಳಿಯಲು ನಾಲ್ಕು ಜನಕ್ಕೆ ಫೋನ್ ಮಾಡಬೇಕು.

ಹಾಗಾದರೆ ರೋಬಾಟ್ ಯಾಕೆ? ನನ್ನಂಥ ಪ್ರಾಸ್ಟೇಟ್ ಕ್ಯಾನ್ಸರಿನವರಿಗೆ. ಕಿಡ್ನಿಯಲ್ಲಿ ಗೆಡ್ಡೆ ಇದ್ದು, ಗೆಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸಬೇಕಾದವರಿಗೆ. ಇಕ್ಕಟ್ಟಿನ ಜಾಗದಲ್ಲಿ ಸೂಕ್ಷ್ಮ ಹೊಲಿಗೆ ಬೇಕಾದ ಕಡೆ ಅದು ಕೆಲಸಕ್ಕೆ ಬರುತ್ತದೆ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಸಂಸ್ಥೆಯಲ್ಲಿ ರೋಬಾಟ್ ಇದೆ. ಅಂದರೆ ಸರ್ಕಾರದ ಕೈಯಲ್ಲಿ ಆಗದ ಕೆಲಸ ಅಲ್ಲ. ಆದರೆ ಹಾಸನದಿಂದ ಬೆಂಗಳೂರು 180 ಕಿಲೋಮೀಟರ್ ಮೇಲೆ. ಮೂಡಿಗೆರೆ, ಕೊಪ್ಪದವರಿಗೆ ಇನ್ನೂ ದೂರ. ಮಂಗಳೂರಿಗೆ ಹೋಗೋಣ ಅಂದರೆ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಯಾವಾಗ ಕುಸಿಯುತ್ತೋ ಹೇಳಲಾಗದು. ರೋಗಿಯ ಜೊತೆ ಒಬ್ಬರು ಹೋಗಬೇಕು, ಅಲ್ಲಿ ಉಳಿಯಬೇಕು, ಅವರ ಕೂಲಿಯೂ ಹೋಯಿತು. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಒಂದು ರೋಬಾಟ್ ಬರಲಿ, ಎರಡು ಜಿಲ್ಲೆಗೂ ಸೇರಿ. ಚಿಕ್ಕಮಗಳೂರಿನ ಹೊಸ ಮೆಡಿಕಲ್ ಕಾಲೇಜಿನ ಡಾಕ್ಟರುಗಳೂ ಬಂದು ಅಲ್ಲಿ ಕಲಿಯಲಿ, ಮಾಡಲಿ. ನಮಗೊಂದು ಅವರಿಗೊಂದು ಅಂತ ಜಗಳಕ್ಕೆ ಬೀಳಬೇಡಿ. ಕೇಸು ಕಡಿಮೆ ಆದರೆ ಕೈ ಪಳಗುವುದಿಲ್ಲ. ಇದರಲ್ಲಿ ಪಳಗಿದ ಕೈ ಮಿಷನ್ನಿಗಿಂತ ಮುಖ್ಯ. ಈಗ ಚಾಲ್ತಿಯಲ್ಲಿರುವ ಹೆಚ್ಚಿನ ರೋಬಾಟುಗಳಲ್ಲಿ ಡಾಕ್ಟರ ಬೆರಳಿಗೆ ಮುಟ್ಟಿದ ಅನುಭವ ಬರುವುದಿಲ್ಲವಂತೆ. ದಾರ ಎಷ್ಟು ಬಿಗಿಯಾಯಿತು ಅಂತ ಕಣ್ಣಿನಲ್ಲೇ ಅಳೆಯಬೇಕು. ಅದು ಒಂದು ವಾರದ ತರಬೇತಿಯಲ್ಲಿ ಬರುವಂಥದ್ದಲ್ಲ. ಅದಕ್ಕೇ ಕೇಳುವುದು: ತರಬೇತಿ ಪಡೆದ ಡಾಕ್ಟರು, ಅರಿವಳಿಕೆಯವರು, ನರ್ಸು, ಇಷ್ಟೂ ಜನರನ್ನು ಐದು ವರ್ಷ ವರ್ಗ ಮಾಡಬೇಡಿ. ಅಕ್ಕನ ಕಥೆ ಮತ್ತೆ ಆಗಬಾರದು.

ದುಡ್ಡಿನ ಮಾತು. ಮಿಷನ್ನಿಗೆ ಕೋಟಿಗಟ್ಟಲೆ ಆಗುತ್ತದೆ. ಅಮೆರಿಕದ ಡಾ ವಿಂಚಿ ಅನ್ನುವ ರೋಬಾಟ್ 2000ದಿಂದ ಬಳಕೆಯಲ್ಲಿದೆ. ಈಗ ನಮ್ಮ ದೇಶದ್ದೇ ಎಸ್‌ಎಸ್‌ಐ ಮಂತ್ರ ಅಂತ ಬಂದಿದೆ. ಎರಡನ್ನೂ ತೂಗಿ ನೋಡಿ. ಕೊಂಡ ಮೇಲೂ ಖರ್ಚು ನಿಲ್ಲುವುದಿಲ್ಲ. ಕತ್ತರಿ, ಚಿಮಟಗಳನ್ನು ಇಂತಿಷ್ಟೇ ಸಲ ಬಳಸಬೇಕು, ಲೆಕ್ಕ ಮುಗಿದರೆ ಮಿಷನ್ನೇ ಬೇಡ ಅನ್ನುತ್ತದೆ. ಆ ಬಿಲ್ಲು ರೋಗಿಯ ತಲೆಗೆ ಬರಬಾರದು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ರೋಬಾಟ್ ಆಪರೇಷನ್ನನ್ನು ವಿಮೆಯಿಂದ ಹೊರಗಿಡಬಾರದು ಅಂತ ಕಂಪನಿಗಳಿಗೆ ಹೇಳಿತು. ಮಿತಿ ಹಾಕಲು ಬಿಟ್ಟಿದೆ. ನನ್ನ ವಿಮೆ ಅರ್ಧ ಕೊಟ್ಟಿತು, ಉಳಿದದ್ದಕ್ಕೆ ಮೆಣಸು ಮಾರಿದೆ. ಅಕ್ಕನ ಹತ್ತಿರ ಇರುವುದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರೋಬಾಟಿನ ಉಪಕರಣದ ಖರ್ಚೂ ಅದರ ಪ್ಯಾಕೇಜಿನೊಳಗೇ ಬರುವ ಹಾಗೆ ಮಾಡಿಸಿ.

ಇನ್ನೊಂದು. ರೋಬಾಟ್ ಬಂತು ಅಂತ ಎಲ್ಲವನ್ನೂ ಅದರಲ್ಲೇ ಮಾಡಲು ಹೊರಡಬಾರದು. ಗರ್ಭಕೋಶದ ಕಂಠದ ಕ್ಯಾನ್ಸರಿಗೆ ತೂತಿನ ಆಪರೇಷನ್ ಮಾಡಿಸಿಕೊಂಡವರಲ್ಲಿ, ಹೊಟ್ಟೆ ಕೊಯ್ದು ಮಾಡಿಸಿಕೊಂಡವರಿಗಿಂತ ರೋಗ ಮರುಕಳಿಸಿದ್ದೂ ಸಾವೂ ಜಾಸ್ತಿ ಅಂತ 2018ರ ದೊಡ್ಡ ಅಧ್ಯಯನ ಹೇಳಿತು. ಪ್ರಾಸ್ಟೇಟ್ ವಿಷಯದಲ್ಲೂ, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದ ಅಧ್ಯಯನದಲ್ಲಿ ರೋಬಾಟ್ ಆಪರೇಷನ್ನಿನಲ್ಲಿ ರಕ್ತ ಹೋಗಿದ್ದು ಕಡಿಮೆ, ಆದರೆ ಮೂತ್ರದ ಹಿಡಿತ ರೋಬಾಟ್, ಹೊಟ್ಟೆ ಕೊಯ್ದು ಮಾಡಿದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನನ್ನ ಪ್ಯಾಡಿನ ಕಥೆ ಕೇಳಿದಿರಲ್ಲ. ಯಾವ ರೋಗಿಗೆ ಯಾವುದು ಅಂತ ಡಾಕ್ಟರುಗಳ ಸಮಿತಿ ತೀರ್ಮಾನಿಸಲಿ, ಉದ್ಘಾಟನೆಯ ಫೋಟೋ ಅಲ್ಲ. ಎಷ್ಟು ಜನಕ್ಕೆ ಮಾಡಿದರು, ಎಷ್ಟು ಜನಕ್ಕೆ ತೊಂದರೆ ಆಯಿತು ಅಂತ ವರ್ಷಕ್ಕೊಮ್ಮೆ ಪ್ರಕಟಿಸಲಿ.

ಅಕ್ಕ ಈ ಸಲ ಕುಯ್ಲಿಗೆ ಇಳಿದಿಲ್ಲ. ಹೊಟ್ಟೆಗೆ ಬೆಲ್ಟ್ ಕಟ್ಟಿಕೊಂಡು ಕಣದಲ್ಲಿ ಕೂತು ಕಾಫಿಯೊಳಗಿನ ಕಡ್ಡಿ, ಎಲೆ ಆರಿಸುತ್ತಾರೆ. ಅದಕ್ಕೆ ಕೂಲಿ ಕಡಿಮೆ. ಹರ್ನಿಯಕ್ಕೆ ಬಲೆ ಹಾಕಿ ಸರಿ ಮಾಡಬಹುದಂತೆ, ಅದೂ ತೂತಿನಲ್ಲೇ. ಮಾರ್ಚಿಗೆ ರೋಬಸ್ಟಾ ಕಾಫಿಯ ಕುಯ್ಲು ಮುಗಿಯುತ್ತದೆ. "ಆಮೇಲೆ ಅವ್ವನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?" ಅಂತ ಅವರ ಮಗ ಮೊನ್ನೆ ಕೇಳಿದ. ನಿಮ್ಮಲ್ಲಿ ಯಾರನ್ನಾದರೂ ಕೇಳಿ ಹೇಳುತ್ತೇನೆ ಅಂದಿದ್ದೇನೆ.

ಇಂತಿ,
ಮೂಡಿಗೆರೆ ತಾಲೂಕಿನ ಒಬ್ಬ ಕಾಫಿ ಬೆಳೆಗಾರ