ಟೂಲೂಸ್‌ನಲ್ಲಿರುವ ಗೆಳೆಯನಿಗೆ, ಟೂಲೋನ್ ಬಗ್ಗೆ

ಪ್ರೀತಿಯ ಗೆಳೆಯ,

ಸೋಮವಾರ ಬಂತೆಂದರೆ ಆಫೀಸಿನಲ್ಲಿ ಎಲ್ಲರದ್ದೂ ರಗ್ಬಿ ಮಾತೇ, ನನಗೆ ತಲೆಬುಡ ತಿಳಿಯಲ್ಲ ಅಂತ ನೀನು ಬರೆದಿದ್ದೆ. ಮೂವತ್ತಾದ ಮೇಲೆ ಬೆಂಗಳೂರು ಬಿಟ್ಟು ಫ್ರಾನ್ಸಿಗೆ ಬಂದು ತಪ್ಪು ಮಾಡಿದೆನಾ ಅಂತಲೂ ಕೇಳಿದ್ದೆ. ಎರಡನ್ನೂ ಓದಿದಾಗ ನನಗೆ ನೆನಪಾದವನು ಒಬ್ಬನೇ, ರಗ್ಬಿ ಆಟಗಾರ ಜಾನಿ ವಿಲ್ಕಿನ್ಸನ್.

ಅವನು ಆಡಿದ್ದು ನಿನ್ನ ಟೂಲೂಸ್‌ನಲ್ಲಲ್ಲ, ಟೂಲೋನ್‌ನಲ್ಲಿ. ಮೆಡಿಟರೇನಿಯನ್ ದಡದ ಬಂದರು ಅದು, ಫ್ರಾನ್ಸಿನ ನೌಕಾಪಡೆಯ ನೆಲೆ.

ವಿಲ್ಕಿನ್ಸನ್ ಇಂಗ್ಲೆಂಡಿನವನು. 2003ರ ರಗ್ಬಿ ವಿಶ್ವಕಪ್ ಫೈನಲ್, ಸಿಡ್ನಿ, ಎದುರಿಗೆ ಆಸ್ಟ್ರೇಲಿಯಾ. ಅಂಕ 17-17. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. ಆಗ ಡ್ರಾಪ್ ಗೋಲ್ ಹೊಡೆದ. ಅಂದರೆ ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು, ಅದು ಪುಟಿಯುತ್ತಿದ್ದಂತೆ ಒದ್ದು ಕಂಬಗಳ ನಡುವೆ ದಾಟಿಸುವುದು. ಮೂರು ಅಂಕ. ಎಡಗಾಲಿನ ಆಟಗಾರ ಅವನು, ಅವತ್ತು ಒದ್ದದ್ದು ಬಲಗಾಲಿನಲ್ಲಿ. ವಯಸ್ಸು ಬರೀ 24.

ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಜಾಸ್ತಿ ಇಷ್ಟ ಆಮೇಲಿನದ್ದು. ಕುತ್ತಿಗೆ, ಮೊಣಕಾಲು, ತೋಳು, ಕಿಡ್ನಿ, ಒಂದು ವಾಸಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಪೆಟ್ಟು. ಆ ಫೈನಲ್ ಆದ ಮೇಲೆ ಇಂಗ್ಲೆಂಡ್ ಜೆರ್ಸಿ ಮತ್ತೆ ತೊಟ್ಟದ್ದು 2007ರ ಫೆಬ್ರವರಿಯಲ್ಲಿ. ಮೂರು ವರ್ಷಕ್ಕೂ ಹೆಚ್ಚು! 2009ರಲ್ಲಿ, ಸರಿಯಾಗಿ ಮೂವತ್ತರಲ್ಲಿ, ಹನ್ನೆರಡು ವರ್ಷ ಆಡಿದ ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್ ಬಿಟ್ಟು ಟೂಲೋನ್‌ಗೆ ಹೊರಟ. ಅಲ್ಲಿನ ಕ್ಲಬ್ಬಿನ ಮಾಲೀಕ ಮುರಾದ್ ಬುಜೆಲಾಲ್, ಕಾಮಿಕ್ಸ್ ಪ್ರಕಾಶಕ, ಹೊರದೇಶದ ದೊಡ್ಡ ದೊಡ್ಡ ಆಟಗಾರರನ್ನು ಕರೆಸುತ್ತಿದ್ದ ಕಾಲ. ದುಡ್ಡಿಗೆ ಹೋದ ಅಂತ ಸುಮ್ನೆ ಹೇಳಿಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಅವನು ಫ್ರೆಂಚ್ ಕಲಿತ. ಟೀವಿಯವರ ಮುಂದೆ ಫ್ರೆಂಚ್‌ನಲ್ಲೇ ಮಾತಾಡುತ್ತಿದ್ದ. ಇಂಗ್ಲೆಂಡಿನವನಾದರೂ ಆ ತಂಡದ ನಾಯಕನೂ ಆದ.

ಗೆಲುವೇನೂ ಬೇಗ ಬರಲಿಲ್ಲ. 2012ರಲ್ಲಿ ಫ್ರೆಂಚ್ ಲೀಗ್ ಟಾಪ್ 14ರ ಫೈನಲ್ ಸೋತರು, ಅದೂ ನಿನ್ನ ಟೂಲೂಸ್ ಎದುರು, 18-12. ಟೂಲೋನ್‌ನ ಆ ಹನ್ನೆರಡೂ ಅಂಕ ವಿಲ್ಕಿನ್ಸನ್ ಒದ್ದು ತಂದವು. (ನಿನ್ನ ಆಫೀಸಿನವರಿಗೆ ಈ ಪಂದ್ಯ ನೆನಪಿದ್ದೇ ಇರುತ್ತದೆ, ಕೇಳಿ ನೋಡು.) 2013ರಲ್ಲಿ ಮತ್ತೆ ಫೈನಲ್, ಕಾಸ್ಟ್ರ್ ತಂಡದ ಎದುರು ಮತ್ತೆ ಸೋಲು. ಆದರೆ ಅದೇ ವರ್ಷ ಡಬ್ಲಿನ್‌ನಲ್ಲಿ ಕ್ಲೆರ್ಮಾನ್ ತಂಡವನ್ನು 16-15ರಲ್ಲಿ, ಒಂದೇ ಅಂಕದಿಂದ ಸೋಲಿಸಿ ಯುರೋಪಿನ ಕಪ್ ಗೆದ್ದಿದ್ದರು. ಮರುವರ್ಷ ಕಾರ್ಡಿಫ್‌ನಲ್ಲಿ ಇನ್ನೊಮ್ಮೆ.

ಅದಾದ ಒಂದು ವಾರಕ್ಕೆ, 2014ರ ಮೇ 31ರಂದು, ಪ್ಯಾರಿಸ್ಸಿನಲ್ಲಿ ಟಾಪ್ 14 ಫೈನಲ್. ಎದುರಿಗೆ ಅದೇ ಕಾಸ್ಟ್ರ್. ಅವನಿಗೆ 35 ತುಂಬಿ ಆರು ದಿನ. 18-10ರಲ್ಲಿ ಗೆದ್ದರು. ಹದಿನೆಂಟರಲ್ಲಿ ಹದಿನೈದು ಅವನದ್ದೇ, ಅದರಲ್ಲೊಂದು ಡ್ರಾಪ್ ಗೋಲ್. ಅದೇ ಅವನ ಕೊನೆಯ ಪಂದ್ಯ.

ನೀನು ಬಂದು ಎರಡೇ ತಿಂಗಳಾಯಿತು, ಅಲ್ವಾ? ಕ್ಯಾಂಟೀನಿನಲ್ಲಿ ಫ್ರೆಂಚ್ ಬಾಯಿಗೆ ಬಾರದೆ ತಡವರಿಸಿದೆ ಅಂತ ಬೇಜಾರು ಬೇಡ, ಮಾತಾಡುತ್ತಲೇ ಇರು. ರಜೆ ಸಿಕ್ಕಾಗ ರೈಲು ಹತ್ತಿ ಟೂಲೋನ್‌ಗೆ ಹೋಗಿ ಬಾ. ಮಯೋಲ್ ಕ್ರೀಡಾಂಗಣ ಊರೊಳಗೇ, ಬಂದರಿನ ಪಕ್ಕದಲ್ಲೇ ಇದೆ. ಪಂದ್ಯಕ್ಕೆ ಮುಂಚೆ ಒಬ್ಬ ಕೂಗುತ್ತಾನೆ, ಇಡೀ ಮೈದಾನ "ಪಿಲು ಪಿಲು" ಅಂತ ದನಿಗೂಡಿಸುತ್ತದೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ