ದೋಸ್ತ, ಮೊದಲನೇ ಪುಟ ಕಬ್ಬಿನ ಹೊಲದಾಗ ಸಿಕ್ತು

ದೋಸ್ತ,

ಹೋದ ವಾರ ಫೋನಿನ್ಯಾಗ ಮಾತಾಡಿದ್ವಲ್ಲ, ನನ್ನ ಜೋಂಬಿ ಕಾದಂಬರಿ, ಅಂದ್ರ ಸತ್ತು ಎದ್ದು ಬರೋ ಹೆಣದ ಕಥಿ, ಎಲ್ಲಿಂದ ಶುರು ಆಗಬೇಕು ಅಂತ, ಅವತ್ತಿಂದ ಅದ ಒಂದ ತಲ್ಯಾಗ ಕೊರ್ಯಾಕತ್ತಿತ್ತು, ಈಗ ದಾರಿ ಸಿಕ್ಕೈತಿ, ಅದಕ ಬರ್ಯಾಕತ್ತೀನಿ.

ನೀ ಹೇಳಿದಂಗ ಬಾಗಲಕೋಟಿ ಬಸ್ ಸ್ಟ್ಯಾಂಡಿನಿಂದ ಬರದ ನೋಡಿದೆ. ಜನ ಓಡ್ತಾರ, ಬಸ್ಸಿನ ಗ್ಲಾಸ್ ಒಡಿತಾವ, ಒಬ್ಬಂವ ಇನ್ನೊಬ್ಬನ ಕುತ್ತಿಗಿ ಕಡೀತಾನ. ಆರು ಪುಟ ಆತು. ಓದಿದ್ರ ಯಾರಿಗೂ ಅಯ್ಯೋ ಅನಸ್ಲಿಲ್ಲ, ಯಾಕಂದ್ರ ಓಡಾಕತ್ತೋರು ಯಾರಂತ ನಮಗ ಗೊತ್ತ ಇಲ್ಲ. ಆಮ್ಯಾಲ ಮುಧೋಳ ನಾಯಿ ರಾತ್ರಿ ಬೊಗಳೋದ್ರಿಂದ ಶುರು ಮಾಡಿದೆ, ಅದೂ ಬ್ಯಾಡಾತು. ನಮ್ಮ ನಾಯಿ ಕಣ್ಣಿಲೆ ಬ್ಯಾಟಿ ಆಡೋದು, ಆಳೆತ್ತರ ದಾಟಿದ ಕಬ್ಬಿನ್ಯಾಗ ಕತ್ತಲದಾಗ ಅದಕ ಏನ ಕಾಣ್ಬೇಕು ಹೇಳು.

ಆಮ್ಯಾಲ ಈ ಜೋಂಬಿ ಅನ್ನೋದು ಎಲ್ಲಿಂದ ಬಂತು ಅಂತ ಓದಾಕ ಕುಂತೆ. ಮಂದಿನ ಕಡ್ದು ತಿನ್ನೋ ಹೆಣ ಅನ್ನೋದು ಫೇಮಸ್ ಆಗಿದ್ದು 1968ರ ಒಂದು ಅಮೆರಿಕನ್ ಸಿನಿಮಾದಿಂದ, ಅದರಾಗ ಜೋಂಬಿ ಅನ್ನೋ ಶಬ್ದ ಯಾರೂ ಆಡಂಗಿಲ್ಲ. ಶಬ್ದ ಬಂದಿದ್ದು ಕೆರಿಬಿಯನ್ ಸಮುದ್ರದಾಗಿನ ಹೈಟಿ ಅನ್ನೋ ದೇಶದಿಂದ. 1791ರಾಗ ಗುಲಾಮರು ದಂಗೆ ಎದ್ದು 1804ಕ್ಕ ಸ್ವತಂತ್ರ ಆಗೋ ತನಕ ಅದು ಫ್ರೆಂಚರ ಕೈಯಾಗಿತ್ತು, ಆಫ್ರಿಕಾದಿಂದ ಹಿಡ್ಕೊಂಡ ತಂದ ಮಂದಿ ಅಲ್ಲಿ ಕಬ್ಬಿನ ಹೊಲದಾಗ ದುಡುದು ದುಡುದು ಸಾಯ್ತಿದ್ರು. ಹೈಟಿಯ ಜೋಂಬಿ ಯಾರನ್ನೂ ತಿನ್ನಂಗಿಲ್ಲೋ. ಸತ್ತಂವನ್ನ ಎಬ್ಬಿಸಿ ಮತ್ತ ದುಡಿಯಾಕ ಹಚ್ಚತಾರ, ಅಷ್ಟ. ಅಲ್ಲಿ ಮಂದಿಗೆ ಹೆದರಿಕಿ ಇದ್ದಿದ್ದು ಜೋಂಬಿ ಬಂದು ಕಡೀತಾನ ಅಂತಲ್ಲ, ತಾವ ಜೋಂಬಿ ಆಗಿಬಿಟ್ರ ಅಂತ, ಸತ್ತ ಮ್ಯಾಲೂ ದುಡಿಮಿ ಬಿಡಂಗಿಲ್ಲ ಅಂತ.

ಕಬ್ಬಿನ ಹೊಲ! ಪುಸ್ತಕ ಮುಚ್ಚಿಟ್ಟು ಹೊರಗ ಬಂದು ನಿಂತೆ, ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಕಬ್ಬು ತುಂಬ್ಕೊಂಡು ಹಾಡು ಹಚ್ಕೊಂಡು ಫ್ಯಾಕ್ಟರಿ ಕಡೆ ಹೊಂಟಿದ್ವು.

ಈಗ ಶುರು ಹಿಂಗೈತಿ. ಕಬ್ಬು ಕಡಿಯೋ ಗ್ಯಾಂಗಿನ್ಯಾಗ ಒಬ್ಬಂವ ಮಧ್ಯಾಹ್ನ ಜ್ವರ ಬಂದು ಸಾಯ್ತಾನ. ಸೀಜನ್ನಿಗೆ ಮೊದಲ ತಗೊಂಡ ಅಡ್ವಾನ್ಸ್ ಇನ್ನೂ ಅರ್ಧ ಸೈತ ಮುಟ್ಟಿಲ್ಲ. ಸಂಜಿಗೆ ಹಳ್ಳದ ದಂಡಿಗೆ ಮಣ್ಣು ಮಾಡ್ತಾರ. ಮರುದಿನ ನಸುಕಿನ್ಯಾಗ ಮುಕಾದಮ, ಅಂದ್ರ ಗ್ಯಾಂಗಿನ ಮುಖಂಡ, ಎಣಿಸ್ತಾನ, ಒಂದು ಸಾಲು ಜಾಸ್ತಿ ಕಡದೈತಿ. ಬುಡಕ್ಕ ಸಮ ಕಡದು, ರವದಿ (ಒಣ ಎಲಿ) ಸುಲದು, ಹೊರಿ ಕಟ್ಟಿ ಇಟ್ಟೈತಿ. ಮುಕಾದಮ ಖುಷಿಯಿಂದ ಬರ್ಕೋತಾನ. ಸತ್ತಂವನ ಹೆಂಡ್ತಿ ಹೊರಿ ಎತ್ತಾಕ ಬಗ್ಗಿದಾಕಿ ಗಂಟು ನೋಡಿ ಹಂಗ ನಿಂತ ಬಿಡ್ತಾಳ. ಎಡಗೈಲೆ ತಿರುವಿದ ಗಂಟು. ಗ್ಯಾಂಗಿನ್ಯಾಗ ಎಡಚ ಒಬ್ಬನ ಇದ್ದ.

ಮೊದಲನೇ ಅಧ್ಯಾಯ ಅಲ್ಲಿಗೆ ನಿಂದರತೈತಿ. ಜೋಂಬಿ ಅನ್ನೋ ಶಬ್ದ ಇಲ್ಲ, ರಕ್ತ ಇಲ್ಲ, ಚೀರಾಟ ಇಲ್ಲ. ಸಪ್ಪ ಆತು ಅಂತ ನೀ ಅಂತಿ ಗೊತ್ತೈತಿ, ಆದ್ರ 2019ರ ಆಗಸ್ಟಿನ್ಯಾಗ ಘಟಪ್ರಭಾ ಏರಿದಾಗ ನಾ ನೋಡೀನಲ್ಲ, ಮೊದಲಿಗೆ ಯಾರೂ ಓಡ್ಲಿಲ್ಲ. ಎಮ್ಮಿ ಹಗ್ಗ ಬಿಚ್ಚಿದ್ರು, ಜ್ವಾಳದ ಚೀಲ ಮಾಳಗಿಗೆ ಏರಿಸಿದ್ರು, ನೀರು ಎಷ್ಟು ಬರ್ತೈತಿ ಅಂತ ಗ್ವಾಡಿಗೆ ಇದ್ದಲಿಲೆ ಗೆರಿ ಎಳದು ನೋಡ್ಕೋತ ಕುಂತ್ರು. ನಮ್ಮ ಮಂದಿ ಕೇಡು ಬಂದಾಗ ಮೊದಲ ಲೆಕ್ಕ ಹಾಕ್ತಾರ, ಮುಕಾದಮನೂ ಅದನ್ನ ಮಾಡ್ತಾನ. ಬಸ್ ಸ್ಟ್ಯಾಂಡ್ ಇರ್ಲಿ, ಏಳನೇ ಅಧ್ಯಾಯಕ್ಕ ಬರ್ತೈತಿ, ಅಷ್ಟೊತ್ತಿಗೆ ಓಡೋ ಹೆಣ್ಮಗಳು ಯಾರಂತ ಓದೋರಿಗೆ ಗೊತ್ತಿರ್ತದ.

ಒಂದ ಕೆಲಸ ಮಾಡು. ನಿಮ್ಮಪ್ಪಗ ಕೇಳು, ಹೊರಿ ಕಟ್ಟುವಾಗ ಹಸಿ ಎಲಿ ಎಷ್ಟು ಸುತ್ತು ತಿರುವ್ತಾರ, ಗಂಟಿನ ತುದಿ ಒಳಗ ಸಿಗಸ್ತಾರೋ ಹೊರಗ ಬಿಡ್ತಾರೋ. ಆಕಿ ಗುರುತ ಹಿಡಿಯೋ ಸಾಲು ಅದೊಂದರ ಮ್ಯಾಲ ನಿಂತೈತಿ, ತಪ್ಪಬಾರದು.

ನಿನ್ನ ಗೆಳೆಯ,
ಮುಧೋಳದಿಂದ