ಎಡಗಾಲಿಗೆ ತಕ್ಕ ಸೈಕಲ್ ಮಾಡಿಕೊಟ್ಟವರಿಗೆ

ಸೈಕಲ್ ಕೆಲಸ ಮುಗಿಯಿತು. ಕಳೆದ ಭಾನುವಾರ ನಮ್ಮ ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಹೊರಟು ಸೀತಾಂಗೋಳಿ, ನಾಯ್ಕಾಪು ದಾಟಿ ಕುಂಬಳೆಯವರೆಗೆ ತುಳಿದುಕೊಂಡು ಹೋದೆ. ಎಡ ಮೊಣಕಾಲು ನೋಯಲಿಲ್ಲ. ದಾರಿಯಲ್ಲಿ ಎಷ್ಟೋ ಜನ ನಿಲ್ಲಿಸಿ, "ಮಾಷ್ಟ್ರೆ, ಇದು ಎಲ್ಲಿ ತಗೊಂಡದ್ದು?" ಅಂತ ಕೇಳಿದರು. ಇದು ಅಂಗಡಿಯಲ್ಲಿ ತಗೊಂಡದ್ದಲ್ಲ. ನಮ್ಮ ಸುತ್ತಮುತ್ತಲಿನ ಕೆಲವರು ತಮ್ಮ ಕೈಯಾರೆ ಮಾಡಿಕೊಟ್ಟದ್ದು. ಅವರಿಗೆ ಎಲ್ಲರ ಎದುರು ಕೃತಜ್ಞತೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದು ಬೇಡ ಅಂತ ಅವರಲ್ಲಿ ಕೆಲವರು ಹೇಳಿದ್ದಾರೆ. ಹಾಗಾಗಿ ಅವರು ಮಾಡಿದ ಕೆಲಸ ಹೇಳುತ್ತೇನೆ. ಊರಿನವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಗೊತ್ತಿಲ್ಲದವರಿಗೆ ಹಿನ್ನೆಲೆ ಇಷ್ಟು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಸ್ಕೂಟರ್ ಜಾರಿ ಬಿದ್ದು ಎಡ ಮೊಣಕಾಲಿನ ಕೆಳಗಿನ ಎಲುಬು ಮುರಿಯಿತು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಈಗ ನಡೆಯಲು ತೊಂದರೆ ಇಲ್ಲ, ಶಾಲೆಯಲ್ಲಿ ನಿಂತು ಪಾಠ ಮಾಡಲೂ ತೊಂದರೆ ಇಲ್ಲ. ಆದರೆ ಮೊಣಕಾಲು 90 ಡಿಗ್ರಿಗಿಂತ ಸ್ವಲ್ಪವೇ ಜಾಸ್ತಿ ಮಡಚುತ್ತದೆ. ಸಾಮಾನ್ಯ ಸೈಕಲಿನ ಪೆಡಲ್ ಪೂರ್ತಿ ಒಂದು ಸುತ್ತು ಬರಬೇಕಾದರೆ ಸುಮಾರು 110 ಡಿಗ್ರಿ ಮಡಚಬೇಕು. ಪೆಡಲ್ ಮೇಲೆ ಬರುವಾಗ ನನ್ನ ಕಾಲು ಅಲ್ಲೇ ನಿಂತುಬಿಡುತ್ತಿತ್ತು.

ಚಿಕ್ಕಂದಿನಿಂದ ಸೈಕಲಿನಲ್ಲೇ ಓಡಾಡಿದವನು ನಾನು. ಇನ್ನು ಅದರ ಆಸೆ ಬಿಡು ಅಂತ ಹೇಳಿದವರು ತುಂಬ ಜನ. ಫಿಸಿಯೋಥೆರಪಿ ಮಾಡಿಸಿದ ಮೇಡಂ ಮಾತ್ರ ಹಾಗೆ ಹೇಳಲಿಲ್ಲ. ಟೇಪ್ ಹಿಡಿದು ಕಾಲಿನ ಅಳತೆ ತೆಗೆದರು. ಪೆಡಲ್ ಸಿಕ್ಕಿಸುವ ಕ್ರ್ಯಾಂಕ್ ಸಾಮಾನ್ಯವಾಗಿ 170 ಮಿ.ಮೀ. ಉದ್ದ ಇರುತ್ತದೆ. ಎಡಗಡೆಯದ್ದನ್ನು 120ಕ್ಕೆ ಇಳಿಸಿದರೆ ಪೆಡಲ್ ಮೇಲೆ ಬಂದಾಗ ಪಾದ 50 ಮಿ.ಮೀ. ಕೆಳಗೇ ಇರುತ್ತದೆ, ಅಷ್ಟು ಸಾಕು ಅಂದರು. ಬಲಗಾಲಿಗೆ ಮಾಮೂಲಿ ಉದ್ದವೇ ಇರಲಿ, ಅದು ಚೆನ್ನಾಗಿದೆಯಲ್ವಾ ಅಂದರು. ಮೇಡಂ, ಆ ದಿನ ನೀವು ಚೀಟಿಯಲ್ಲಿ ಬರೆದುಕೊಟ್ಟ ಆ ಒಂದು ಅಳತೆಯ ಮೇಲೆ ಇಡೀ ಸೈಕಲ್ ನಿಂತಿದೆ. ಮೊದಲ ವಂದನೆ ನಿಮಗೆ.

ಚೀಟಿ ಹಿಡಿದು ಹೋದದ್ದು ಬದಿಯಡ್ಕದ ಸೈಕಲ್ ಮಾಮನ ಹತ್ತಿರ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲದಿಂದ ಅವರು ಆ ಕೆಲಸದಲ್ಲಿದ್ದಾರೆ. ನಮ್ಮ ವಯಸ್ಸಿನ ಎಷ್ಟೋ ಮಕ್ಕಳು ಒಳಪೆಡಲ್ ಹೊಡೆದು ಕಲಿತದ್ದು ಅವರ ಸೈಕಲುಗಳಲ್ಲೇ. ಮಾಮ ಚೀಟಿ ನೋಡಿ ಸುಮಾರು ಹೊತ್ತು ಸುಮ್ನೆ ಕೂತರು. ಆಮೇಲೆ ಕೇಳಿದರು: "ಕ್ರ್ಯಾಂಕ್ ಸರಿ. ಹತ್ತುವುದು ಹೇಗೆ? ಇಳಿಯುವುದು ಹೇಗೆ?" ಆ ಪ್ರಶ್ನೆ ನನಗೆ ಬಂದಿರಲೇ ಇಲ್ಲ. ಮೇಲಿನ ಅಡ್ಡಪೈಪಿನ ಮೇಲಿಂದ ಕಾಲು ಎತ್ತಿ ದಾಟಿಸುವುದು ನನಗೆ ಕಷ್ಟ. ನಿಲ್ಲಿಸುವಾಗ ತುದಿಗಾಲಲ್ಲಿ ನೆಲ ಮುಟ್ಟುವುದೂ ಅಪಾಯ.

ಹೀಗೆ ಮಾತು ದಪ್ಪ ಟಯರಿನ, ಬಾಗಿದ ಪೈಪಿನ ಕ್ರೂಸರ್ ಸೈಕಲಿಗೆ ಬಂತು. ಇದು ಹುಟ್ಟಿದ್ದು ಅಮೆರಿಕದಲ್ಲಿ. 1933ರಲ್ಲಿ ಷಿಕಾಗೋದ ಶ್ವಿನ್ ಕಂಪನಿ 26 ಇಂಚಿನ ಚಕ್ರಕ್ಕೆ ಎರಡು ಇಂಚಿಗೂ ಮೀರಿದ ದಪ್ಪದ ಬಲೂನ್ ಟಯರ್ ಹಾಕಿ ಸೈಕಲ್ ತಂದಿತು. ಆರ್ಥಿಕ ಕುಸಿತದ ಆ ಕಾಲದಲ್ಲಿ ಮಕ್ಕಳು ಎತ್ತಿ ಹಾಕಿದರೂ ತಾಳುವ ಸೈಕಲ್ ಬೇಕಿತ್ತು. 1938ರಲ್ಲಿ ಅದೇ ಕಂಪನಿ ಉದ್ದಕ್ಕೆ ಬಾಗಿದ ಪೈಪುಗಳ ಫ್ರೇಮ್ ತಂದಿತು. ಕ್ರೂಸರ್ ಅಂದರೆ ಇವತ್ತಿಗೂ ಕಣ್ಣಿಗೆ ಬರುವುದು ಆ ಬಾಗಿದ ಗೆರೆಗಳೇ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಗುಡ್ಡಗಳಲ್ಲಿ ಹುಡುಗರು ಇಂಥ ಹಳೆಯ ಸೈಕಲುಗಳನ್ನೇ ಇಳಿಜಾರಿನಲ್ಲಿ ಓಡಿಸಿದರು. ಮೌಂಟನ್ ಬೈಕ್ ಬಂದದ್ದು ಅಲ್ಲಿಂದ. ನಾನು ಫೋನಿನಲ್ಲಿ ಚಿತ್ರ ತೋರಿಸಿದೆ. ಮಾಮ ಬಾಗಿದ ಪೈಪಿನ ಮೇಲೆ ಬೆರಳಿಟ್ಟು, "ಇದನ್ನು ಇನ್ನೂ ತಗ್ಗಿಸಿದರೆ ನಿಮಗೆ ಹತ್ತಲು ಸುಲಭ" ಅಂದರು. ಪೆಡಲಿನ ಜಾಗವನ್ನು ಸೀಟಿಗಿಂತ ಮುಂದೆ ತಳ್ಳಿದರೆ ಸೀಟ್ ತಗ್ಗಿಸಬಹುದು, ಆದರೂ ತುಳಿಯುವಾಗ ಕಾಲು ಬೇಕಾದಷ್ಟು ನೀಳವಾಗುತ್ತದೆ. ಕೂತಲ್ಲೇ ಎರಡು ಪಾದವೂ ಪೂರ್ತಿ ನೆಲಕ್ಕೆ ಮುಟ್ಟುತ್ತದೆ. ಅಂಗಡಿಯ ಬೆಂಚಿನಲ್ಲಿ ಕೂತು ಮಾಮ ಇದನ್ನೆಲ್ಲ ಲೆಕ್ಕ ಹಾಕಿದ್ದು ಪುಸ್ತಕ ಓದಿ ಅಲ್ಲ.

ಬ್ರೇಕಿನ ವಿಷಯದಲ್ಲೂ ಅವರ ಮಾತೇ ಸರಿ. ಕ್ರೂಸರಿಗೆ ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕ್ ಇರುವುದು ವಾಡಿಕೆ. ನನಗೆ ಅದು ಹಾಕಿಸುವ ಆಸೆ ಇತ್ತು. ಮಾಮ ಬೇಡ ಅಂದರು. ಹೊರಡುವ ಮೊದಲು ಪೆಡಲನ್ನು ಹಿಂದಕ್ಕೆ ತಿರುಗಿಸಿ ನನ್ನ ಕಾಲಿಗೆ ಅನುಕೂಲದ ಜಾಗಕ್ಕೆ ತರಬೇಕು. ಆ ಬ್ರೇಕ್ ಇದ್ದರೆ ಪೆಡಲ್ ಹಿಂದೆ ತಿರುಗುವುದೇ ಇಲ್ಲ. ಹಾಗಾಗಿ ಪೆಡಲ್ ಹಿಂದಕ್ಕೂ ತಿರುಗಲು ಬಿಡುವ ಫ್ರೀವೀಲ್, ಎರಡು ಚಕ್ರಕ್ಕೂ ಕೈಬ್ರೇಕ್.

ಫ್ರೇಮ್ ಮಾಡಿದವರು ಸೀತಾಂಗೋಳಿ ಕಡೆಯ ವೆಲ್ಡಿಂಗ್ ಇಚ್ಚ. ಗೇಟು, ಕಿಟಕಿ, ತೋಟದ ಪಂಪಿನ ಸ್ಟ್ಯಾಂಡ್, ಇದು ಅವರ ದಿನದ ಕೆಲಸ. ನಮ್ಮ ಮಾತು ಮಲಯಾಳ, ತುಳು, ಕನ್ನಡ ಎಲ್ಲ ಬೆರೆಸಿ ನಡೆಯುತ್ತಿತ್ತು. ಅಳತೆಗೆ ಮಾತು ಬೇಕಾಗಲಿಲ್ಲ. ಅಂಗಡಿಯ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸೈಕಲನ್ನು ನಿಜವಾದ ಗಾತ್ರಕ್ಕೇ ಬಿಡಿಸಿದೆವು. ಕೋನಗಳನ್ನು ಅಳೆದು ಕೊಟ್ಟವರು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು. ಶಾಲೆಯ ದೊಡ್ಡ ಕೋನಮಾಪಕ ಹಿಡಿದುಕೊಂಡು ಬಂದಿದ್ದರು. ಮಕ್ಕಳೇ, ನಿಮಗೂ ವಂದನೆ. ನೀವು ಹಾಕಿದ ಗೆರೆಯ ಮೇಲೆಯೇ ಪೈಪ್ ಇಟ್ಟು ನೋಡುತ್ತಿದ್ದರು ಇಚ್ಚ.

ಪೈಪ್ ಬಗ್ಗಿಸಿದ ದಿನದ ಕೆಲಸ ನನಗೆ ಮರೆಯುವುದಿಲ್ಲ. ಒಂದೂಕಾಲು ಇಂಚಿನ ಕಬ್ಬಿಣದ ಪೈಪನ್ನು ಸುಮ್ನೆ ಬಗ್ಗಿಸಿದರೆ ಬಾಗುವ ಜಾಗ ಚಪ್ಪಟೆಯಾಗುತ್ತದೆ. ಅದಕ್ಕೆ ಒಳಗೆ ಹೊಯಿಗೆ, ಅಂದರೆ ಮರಳು, ತುಂಬಬೇಕು. ಇಚ್ಚ ಮೊದಲು ಹೊಯಿಗೆಯನ್ನು ಬಾಣಲೆಯಲ್ಲಿ ಹುರಿದರು. ಸ್ವಲ್ಪ ಪಸೆ ಉಳಿದರೂ ಕಾಯಿಸುವಾಗ ಆವಿಯಾಗಿ ತುದಿಯ ಬಿರಡೆ ಹಾರಿ ಹೋಗುತ್ತದೆ. ತಟ್ಟಿ ತಟ್ಟಿ ತುಂಬಿ, ಎರಡೂ ತುದಿಗೆ ಮರದ ಬಿರಡೆ ಹೊಡೆದು, ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ನೆಲಕ್ಕೆ ಗೂಟ ಹೊಡೆದ ಅಚ್ಚಿನ ಸುತ್ತ ನಿಧಾನಕ್ಕೆ ಎಳೆದರು. ಎರಡು ಪೈಪ್ ಒಂದೇ ಬಾಗು ಬರಬೇಕು. ಬಂತು. ಒಂದರ ಮೇಲೊಂದು ಇಟ್ಟು ನೋಡಿದರೆ ಎಲ್ಲಿಯೂ ಸಂದು ಕಾಣಲಿಲ್ಲ.

ಪೆಡಲಿನ ಅಚ್ಚು ಕೂರುವ ಜಾಗದಲ್ಲಿ ಅವರು ವೆಲ್ಡ್ ಮಾಡಲಿಲ್ಲ, ಹಿತ್ತಾಳೆ ಕಡ್ಡಿ ಕರಗಿಸಿ ಬೆಸೆದರು. ಹಿತ್ತಾಳೆ ಸುಮಾರು 900 ಡಿಗ್ರಿಯಲ್ಲಿ ಕರಗುತ್ತದೆ, ಕಬ್ಬಿಣ ಕರಗಲು 1,500 ಡಿಗ್ರಿ ಹತ್ತಿರ ಬೇಕು. ಹಾಗಾಗಿ ಪೈಪ್ ಕರಗಿ ತೆಳ್ಳಗಾಗುವುದಿಲ್ಲ. ಬಿಳಿಗಾರ ಹಾಕಿದ ಕೂಡಲೇ ಹಿತ್ತಾಳೆ ಸಂದಿನೊಳಗೆ ಹರಿದು ಹೋಗುವುದನ್ನು ನೋಡುವುದೇ ಒಂದು ಸಂತೋಷ. ಸತು ಲೇಪಿಸಿದ ಜಿ.ಐ. ಪೈಪ್ ಹಾಕಿದರೆ ತುಕ್ಕು ಬಾರದಲ್ವಾ ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಇಚ್ಚ ಒಪ್ಪಲಿಲ್ಲ. ಅದರ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಮುಂದಿನ ಚಕ್ರ ಹಿಡಿದಿಡುವ ಫೋರ್ಕ್ ಮಾಡಿಕೊಡಲೂ ಒಪ್ಪಲಿಲ್ಲ. "ಮಾಷೆ, ಫೋರ್ಕ್ ಮಾತ್ರ ಕಂಪನಿಯದ್ದೇ ಇರಲಿ. ಅದು ಮುರಿದರೆ ನೀವು ಮುಖ ಅಡಿಯಾಗಿ ಬೀಳ್ತೀರಿ." ಎಲ್ಲವನ್ನೂ ಮಾಡಬಲ್ಲವರು ಇದನ್ನು ಮಾಡುವುದಿಲ್ಲ ಅಂತ ಹೇಳಿದಾಗ ನನಗೆ ಅವರ ಮೇಲೆ ಇದ್ದ ನಂಬಿಕೆ ಇನ್ನೂ ಹೆಚ್ಚಾಯಿತು. ಹಳೆಯ ಮೌಂಟನ್ ಬೈಕಿನ ಫೋರ್ಕ್ ತಂದೆವು. ಕೂಲಿ ಕೊಡಲು ಹೋದರೆ ಇಚ್ಚ ಪೈಪಿನ ಮತ್ತು ಗ್ಯಾಸಿನ ದುಡ್ಡು ಮಾತ್ರ ತಗೊಂಡರು.

ಇನ್ನು ಕ್ರ್ಯಾಂಕ್. ಈ ಬರಹದಲ್ಲಿ ಅತಿ ದೊಡ್ಡ ಋಣ ಇದರದ್ದೇ.

ಇರುವ ಕ್ರ್ಯಾಂಕಿಗೆ ನಡುವಿನಲ್ಲಿ ತೂತು ಕೊರೆಯಲು ಆಗಲಿಲ್ಲ. ಅಲ್ಲಿ ಅದು ತುಂಬ ಸಪೂರ. ಹೊಸತು ಮಾಡಲೇಬೇಕು. ನಮ್ಮ ಮನೆಯ ಗುಡ್ಡ ಇಳಿದರೆ ಆಚಾರ್ರ ಕೊಟ್ಟಿಗೆ. ಈ ಕಡೆಯ ಕತ್ತಿ, ಹಾರೆ, ಪಿಕ್ಕಾಸು, ಮನೆಮನೆಯ ಮೆಟ್ಟುಕತ್ತಿ ಎಲ್ಲ ಅವರ ಕೈಯದ್ದೇ. ಗೆರಟೆ ಇದ್ದಿಲಿನ ಕುಲುಮೆ. ನಾನು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಒಂದನ್ನು ತೆಗೆದುಕೊಂಡು ಹೋಗಿದ್ದೆ. ಕತ್ತಿ ಮಾಡುವುದು ಅದರಲ್ಲೇ ತಾನೆ. ಆಚಾರ್ರು ಕೈಯಲ್ಲಿ ಹಿಡಿದು ನೋಡಿ ಬದಿಗಿಟ್ಟರು. "ಕತ್ತಿಗೆ ಇದು ಒಳ್ಳೆಯದು. ಕಾಲಿಗೆ ಬೇಡ ಮಾಷ್ಟ್ರೆ. ಮುರಿಯುವ ಮೊದಲು ಬಗ್ಗಿ ತೋರಿಸುವ ಕಬ್ಬಿಣ ಬೇಕು." ಅವರೇ ಮೆದು ಕಬ್ಬಿಣದ ಚೌಕ ಕಂಬಿ ಹುಡುಕಿ ತೆಗೆದರು.

ಕ್ರ್ಯಾಂಕಿನ ಎರಡು ತುದಿ ದಪ್ಪ, ನಡು ಸಪೂರ ಇರಬೇಕು. ಕಂಬಿ ಎಲ್ಲ ಕಡೆ ಒಂದೇ ದಪ್ಪ. ಆಚಾರ್ರು ತುದಿ ಮಾತ್ರ ಕಾಯಿಸಿ, ಕಂಬಿಯನ್ನು ನೆಟ್ಟಗೆ ಹಿಡಿದು ಅಡಿಗಲ್ಲಿಗೆ ಕುಟ್ಟಿದರು. ಕುಟ್ಟಿದ ಹಾಗೆ ಉದ್ದ ಕಡಿಮೆಯಾಗಿ ತುದಿ ಉಬ್ಬಿತು. ಮತ್ತೆ ಕಾಯಿಸಿ, ಮತ್ತೆ ಕುಟ್ಟಿ, ಬದಿಗಳನ್ನು ಸರಿ ಮಾಡಿ, ಇನ್ನೊಂದು ತುದಿಗೂ ಹಾಗೆಯೇ. ಅವರ ಮಗ ಇಕ್ಕುಳ ಹಿಡಿದಿದ್ದ. ಅಳತೆಗೆ ರಟ್ಟಿನ ಅಚ್ಚು ಪಕ್ಕದಲ್ಲೇ ಇತ್ತು. ಕೊನೆಗೆ ಅದನ್ನು ನೀರಿಗೆ ಹಾಕದೆ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟರು. ನಿಧಾನಕ್ಕೆ ಆರಿದರೆ ಕಬ್ಬಿಣ ಮೆತ್ತಗೆ ಉಳಿಯುತ್ತದೆ, ಲೇತಿನವನಿಗೆ ಕೊರೆಯಲು ಸುಲಭ. ಸುತ್ತಿಗೆಯ ಗುರುತುಗಳನ್ನು ಉಜ್ಜಿ ತೆಗೆಯಬೇಡಿ ಅಂತ ನಾನೇ ಕೇಳಿಕೊಂಡೆ. ಈಗಲೂ ಬಿಸಿಲಿಗೆ ಅವು ಚೆನ್ನಾಗಿ ಕಾಣುತ್ತವೆ.

ಕುಂಬಳೆಯ ಲೇತ್ ಅಣ್ಣನ ಪಾಲಿಗೆ ಬಂದದ್ದು ಅದಕ್ಕಿಂತ ಸೂಕ್ಷ್ಮದ ಕೆಲಸ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ತುಳಿಯುವಾಗ ಪೆಡಲ್ ತಾನಾಗಿ ಬಿಚ್ಚಿ ಹೋಗದಿರಲಿ ಅಂತ. ವಿಮಾನ ಹಾರಿಸಿದ ರೈಟ್ ಸಹೋದರರು ಸೈಕಲ್ ಅಂಗಡಿಯವರೂ ಆಗಿದ್ದರಲ್ಲ, ಅವರು 1900ರಲ್ಲಿ ತಮ್ಮ ಸೈಕಲುಗಳ ಪೆಡಲ್ ಬಿಚ್ಚಿ ಹೋಗುವುದಿಲ್ಲ ಅಂತ ಹೇಳಿಕೊಂಡದ್ದು ಇದೇ ಉಪಾಯದಿಂದ. 9/16 ಇಂಚು, ಇಂಚಿಗೆ 20 ಸುತ್ತು, ಅದೂ ಎಡ ತಿರುಪಿನ ಟ್ಯಾಪ್, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ, ಇಲ್ಲಿ ಸಿಗಲಿಲ್ಲ. ಅಣ್ಣ ತನ್ನ ಕೆಲಸಕ್ಕೆ ಮಂಗಳೂರಿಗೆ ಹೋದಾಗ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹುಡುಕಿ ತಂದರು. ಕ್ರ್ಯಾಂಕನ್ನು ಅಚ್ಚಿಗೆ ಬಿಗಿಸುವ ಕಾಟರ್ ಪಿನ್ನಿನ ತೂತು ಕೂದಲಷ್ಟು ಓರೆಯಾದರೂ ಎರಡು ಪೆಡಲ್ ಎದುರುಬದುರು ನಿಲ್ಲುವುದಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರೂ ಅವರು ಅವಸರ ಮಾಡಲಿಲ್ಲ. ಪಿನ್ ಹೊಡೆದು ಕೂರಿಸಿದಾಗ ಬಲ ಮತ್ತು ಎಡ ಒಂದೇ ಗೆರೆಯಲ್ಲಿ ನಿಂತವು.

ಚಕ್ರ ಕಟ್ಟಿದ್ದು ಮತ್ತೆ ಮಾಮನೇ. ಒಂದೊಂದು ಚಕ್ರಕ್ಕೆ 36 ಕಡ್ಡಿ. ಬೆರಳಿನಿಂದ ಮೀಟಿ, ಸದ್ದು ಕೇಳಿ, ಯಾವುದು ಸಡಿಲ ಅಂತ ಹೇಳುತ್ತಾರೆ. ಫ್ರೇಮ್ ನೆಟ್ಟಗಿದೆಯಾ ಅಂತ ನೋಡಿದ್ದು ಒಂದು ದಾರದಲ್ಲಿ. ಮುಂದಿನ ಪೈಪಿಗೆ ಸುತ್ತಿ, ಹಿಂದೆ ಚಕ್ರ ಕೂರುವ ಎರಡು ಕಡೆಗೂ ಎಳೆದು, ನಡುವಿನ ಪೈಪಿಗೆ ಎರಡು ಬದಿಯಲ್ಲೂ ಒಂದೇ ಅಂತರ ಇದೆಯಾ ಅಂತ ಅಳೆದರು. ಪೆಡಲ್ ಮುಂದೆ ಹೋದ್ದರಿಂದ ಒಂದು ಚೈನ್ ಸಾಲಲಿಲ್ಲ, ಎರಡನ್ನು ಜೋಡಿಸಿದರು. ನಮ್ಮ ಮುರಕಲ್ಲು ಗುಡ್ಡಗಳ ಏರಿಗೆ ಅಂತ ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರು, ಮುಂದೆ 44. ಪೆಡಲ್ ಒಂದು ಸುತ್ತಿಗೆ ಚಕ್ರ ಎರಡು ಸುತ್ತು, ನೆಲದಲ್ಲಿ ಸುಮಾರು 4 ಮೀಟರ್. ವೇಗ ಕಮ್ಮಿ. ನನಗೆ ಅದೇ ಬೇಕಿದ್ದದ್ದು.

ಸೀಟಿನ ಅಗಲ ಹಲಗೆ, ಸ್ಪ್ರಿಂಗ್, ಹೊದಿಕೆ ಕಾಸರಗೋಡು ಪೇಟೆಯ ಸೀಟ್ ಹೊಲಿಯುವವರದ್ದು. ಬಣ್ಣ ನನ್ನ ತಮ್ಮನದ್ದು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬರುವ, ಸಮುದ್ರದ ಉಪ್ಪುಗಾಳಿ ಬೀಸುವ ಜಾಗ ಇದು. ಕಬ್ಬಿಣಕ್ಕೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ತಮ್ಮ ರೆಡ್ ಆಕ್ಸೈಡನ್ನು ಎರಡು ಕೋಟ್ ಹೊಡೆದು, ಮೇಲಿಂದ ಕಡು ಹಸಿರು ಬಣ್ಣ ಕೊಟ್ಟ. ಫ್ರೇಮಿನ ಅತಿ ತಗ್ಗಿನ ಜಾಗದಲ್ಲಿ ನೀರು ಇಳಿದು ಹೋಗಲು ಒಂದು ಸಣ್ಣ ತೂತು ಬಿಟ್ಟಿದ್ದೇವೆ.

ಮುಂದಿನ ಪೈಪಿನ ಮೇಲೆ ಇರುವ ಹಿತ್ತಾಳೆಯ ಹಿಂಗಾರ ಅಮ್ಮನ ಆಸೆ. ಅಡಿಕೆ ತೋಟದ ಮನೆಯವರು ನಾವು, ಅದೇ ಇರಲಿ ಅಂದರು. ಪಯ್ಯನ್ನೂರಿನ ಹತ್ತಿರದ ಕುಂಞಿಮಂಗಲದಲ್ಲಿ ಎರಕ ಹೊಯ್ಯಿಸಿದೆ. ಮೇಣದಲ್ಲಿ ಮೊದಲು ರೂಪ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಅಲ್ಲಿ ದೇವರ ವಿಗ್ರಹ ಮಾಡುವ ಕೈಗಳು ಅಂಗೈ ಅಗಲದ ಈ ಹಿಂಗಾರಕ್ಕೂ ಅಷ್ಟೇ ಗಮನ ಕೊಟ್ಟವು. ಅವರಿಗೂ, ಆಪರೇಶನ್ ಆದಾಗಿನಿಂದ ನನ್ನನ್ನು ನೋಡಿಕೊಂಡ ಅಮ್ಮನಿಗೂ ನನ್ನ ನಮಸ್ಕಾರ.

ಕೊನೆಗೆ ಒಂದು ಮಾತು. ಮೊಣಕಾಲು ಪೂರ್ತಿ ಮಡಚದವರು ನಮ್ಮ ಕಡೆ ಇನ್ನೂ ಇದ್ದಾರೆ, ಈಗಾಗಲೇ ಇಬ್ಬರು ಬಂದು ನೋಡಿ ಹೋದರು. ಕ್ರ್ಯಾಂಕಿನ ರಟ್ಟಿನ ಅಚ್ಚು ಆಚಾರ್ರ ಕೊಟ್ಟಿಗೆಯ ಗೋಡೆಯಲ್ಲಿ ನೇತಾಡುತ್ತಿದೆ. ಎಡ ತಿರುಪಿನ ಟ್ಯಾಪ್ ಲೇತ್ ಅಣ್ಣನ ಹತ್ತಿರ ಇದೆ, ಕೆಲಸ ಇದ್ದರೆ ಮಾಡಿಕೊಡುತ್ತೇನೆ ಅಂದಿದ್ದಾರೆ. ಎಲ್ಲರಿಗೂ ಹೊಸ ಫ್ರೇಮ್ ಬೇಕಾಗುವುದಿಲ್ಲ, ಕೆಲವರಿಗೆ ಇರುವ ಸೈಕಲಿಗೆ ಗಿಡ್ಡ ಕ್ರ್ಯಾಂಕ್ ಹಾಕಿದರೇ ಸಾಕು. ಮೊದಲು ನಿಮ್ಮ ಫಿಸಿಯೋಥೆರಪಿಯವರಲ್ಲಿ ಕಾಲು ಎಷ್ಟು ಮಡಚುತ್ತದೆ ಅಂತ ಅಳೆಸಿಕೊಂಡು ಬನ್ನಿ. ನೀರ್ಚಾಲಿನಲ್ಲಿ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಸಿಗುತ್ತೇನೆ, ಆಚಾರ್ರ ಕೊಟ್ಟಿಗೆಗೆ ಜೊತೆಯಲ್ಲೇ ಹೋಗೋಣ.